ಕಾಲಮರಿ ಮೆಟ್ಟಿದ ಚಕ್ಕಡಿ

ಇಳಕಲ್ಲಿನ ಲಾಡಸಾಬನಿಗೆ ಗಳಿಸುವ ವಿದ್ಯೆ ಅಷ್ಟಾಗಿ ಬರುತ್ತಿರಲಿಲ್ಲ; ಉಳಿಸುವ ವಿದ್ಯೆ ಬರುತ್ತಿತ್ತು. ಗಳಿಸದೆ ಉಳಿಸುವುದೇನನ್ನು ಎಂದು ಹೆಂಡತಿ ಕಾಸಿಂಬಿ ಆಗಾಗ ಕೇಳುತ್ತಿದ್ದಳು. ಇಂಥ ಪ್ರಶ್ನೆಗೆ ಉತ್ತರ ಕೊಟ್ಟರೆ ಉಸಿರು ಖರ್ಚಾಗುತ್ತದೆಂದು ಲಾಡಸಾಬ ಸುಮ್ಮನಿರುತ್ತಿದ್ದ.

ಅವನದು ಸ್ವಂತ ಚಕ್ಕಡಿ, ಸ್ವಂತ ಎತ್ತು. ಇಳಕಲ್ಲಿನಲ್ಲಿ ನೇಯ್ದ ಸೀರೆಯ ಗಂಟುಗಳನ್ನು ಹುನಗುಂದ, ಅಮೀನಗಡ ದಾಟಿಸಿ ಬಾಗಲಕೋಟೆಯ ರೈಲು ಠಾಣೆಗೆ ಮುಟ್ಟಿಸುವುದು ಅವನ ಕಸುಬು. ಯಾರ ಆಳೂ ಅಲ್ಲ, ಯಾರ ಧಣಿಯೂ ಅಲ್ಲ. ಇಂಥ ಮನುಷ್ಯನ ದುಡಿಮೆಯನ್ನು ತಿನ್ನುವವರು ಇಬ್ಬರೇ. ಮುಂದೆ ಎತ್ತು, ಕೆಳಗೆ ಗಾಲಿ. ಎತ್ತು ಹತ್ತಿಕಾಳು, ಕುಸುಬಿ ಹಿಂಡಿ ತಿನ್ನುತ್ತದೆ. ಗಾಲಿ ತನಗೆ ಸುತ್ತಿದ ಕಬ್ಬಿಣದ ಹಳಿಯನ್ನು ತಿನ್ನುತ್ತದೆ. ಈ ಇಬ್ಬರ ಬಾಯಿ ಕಟ್ಟುವುದು ಹೇಗೆಂಬ ಚಿಂತೆಯಲ್ಲಿ ಲಾಡಸಾಬನ ಗಡ್ಡ ಅರ್ಧ ಬೆಳ್ಳಗಾಗಿತ್ತು.

ಪ್ರಯೋಗಗಳಿಗೇನೂ ಕಡಿಮೆ ಇರಲಿಲ್ಲ. ತಾನು ಚಕ್ಕಡಿಯಲ್ಲಿ ಕೂತರೆ ತನ್ನ ಭಾರದ ಲೆಕ್ಕಕ್ಕೂ ಎತ್ತು ಹಿಂಡಿ ಕೇಳುತ್ತವೆಂದು ಕೆಳಗಿಳಿದು ನಡೆದ. ನಡೆದರೆ ಕಾಲಮರಿ ಸವೆಯುತ್ತವೆಂದು ಅವನ್ನು ಬಿಚ್ಚಿ ಕೈಯಲ್ಲಿ ಹಿಡಿದ. ಬಾರಕೋಲಿಗೆ ಕೈ ಸಾಲಲಿಲ್ಲವೆಂದು ಕಾಲಮರಿಗಳನ್ನು ಚಕ್ಕಡಿಯೊಳಗಿಟ್ಟ. ಹೀಗೆ ಕಾಲಮರಿ ಮೇಲೆ ಕೂತು, ಅವುಗಳ ಒಡೆಯ ಬರಿಗಾಲಲ್ಲಿ ಪಕ್ಕಕ್ಕೆ ನಡೆಯುವ ಮೆರವಣಿಗೆಯನ್ನು ಹುನಗುಂದದ ದಾರಿಯ ಮಂದಿ ವಾರಕ್ಕೊಮ್ಮೆ ನೋಡುತ್ತಿದ್ದರು. ಕಲ್ಲಿನ ಸಡಕಿನ ಮೇಲೆ ಹಳಿ ಸವೆಯುತ್ತದೆಂದು ಒಂದು ವರ್ಷ ಪಕ್ಕದ ಎರೆಮಣ್ಣಿನಲ್ಲಿ ಹೊಡೆದ. ಮಳೆ ಬಂತು. ಚಕ್ಕಡಿ ಗಾಲಿಯ ನಡುವಿನ ಗುಂಬದವರೆಗೆ ಹುಗಿದುಹೋಗಿ, ಎಳೆದು ತೆಗೆಯಲು ಇನ್ನೂ ನಾಲ್ಕು ಎತ್ತು ಬೇಕಾದವು. ಆ ನಾಲ್ಕಕ್ಕೂ ಹಿಂಡಿ ಹಾಕಬೇಕಾಯಿತು.

ಇಷ್ಟರಲ್ಲಿ ಬಾಗಲಕೋಟೆಗೆ ಮೋಟಾರು ಬಂತು. ಸಾವಿರದ ಒಂಬೈನೂರ ಹನ್ನೆರಡರ ಸುಮಾರಿನ ಮಾತು. ಯಾವನೋ ದೊಡ್ಡ ಸಾಹೇಬನ ಮೋಟಾರು, ರೈಲು ಠಾಣೆಯ ಬೇವಿನ ಮರದ ಕೆಳಗೆ ನಿಂತಿತ್ತು. ಊರಿನ ಮಂದಿಯೆಲ್ಲ ಅದರ ದೀಪ ನೋಡಿದರು, ಕೊಂಬು ನೋಡಿದರು. ಲಾಡಸಾಬ ಮಾತ್ರ ಕುಕ್ಕರಗಾಲಲ್ಲಿ ಕೂತು ಗಾಲಿಯನ್ನು ಮುಟ್ಟಿ ನೋಡಿದ. ಕರ್ರಗೆ, ದಪ್ಪಗೆ, ಮೆತ್ತಗೆ ಇತ್ತು. ಅದನ್ನು ಕಾಯುತ್ತಿದ್ದ ಡ್ರೈವರ ಶಾಬುದ್ದೀನ ಖಾಕಿ ಕೋಟಿನಲ್ಲಿ ಬೀಡಿ ಸೇದುತ್ತಿದ್ದ.

"ಭಾಯಿ, ಇದರೊಳಗ ಏನ್ ತುಂಬೀರಿ?"

"ಗಾಳಿ."

"ಗಾಳಿಗೆ ಎಷ್ಟ ಕೊಡ್ತೀರಿ?"

"ಗಾಳಿಗೆ ಯಾರರ ರೊಕ್ಕ ಕೊಡ್ತಾರೇನೋ ಹುಚ್ಚಾ!"

ಲಾಡಸಾಬ ಇನ್ನೂ ಹತ್ತಿರ ಸರಿದ. "ಮತ್ತ ಇದಕ್ಕ ಮೇವು?"

"ಎಣ್ಣಿ ಕುಡೀತೈತಿ."

"ನಿಂತಾಗ?"

"ನಿಂತಾಗ ಏನೂ ಇಲ್ಲ. ಓಡಿದ್ರ ಅಷ್ಟ."

ಲಾಡಸಾಬ ತಿರುಗಿ ತನ್ನ ಎತ್ತುಗಳ ಕಡೆ ನೋಡಿದ. ಅವು ನಿಂತಿದ್ದವು. ನಿಂತು ತಿನ್ನುತ್ತಿದ್ದವು. ಆರು ವರ್ಷದ ಸಂಬಂಧದಲ್ಲಿ ಮೊದಲ ಸಲ ಅವನಿಗೆ ಆ ಬಡಪಾಯಿಗಳ ಪ್ರಾಮಾಣಿಕತೆಯ ಮೇಲೆ ಸಂಶಯ ಬಂತು.

ಎತ್ತುಗಳನ್ನು ತಿದ್ದುವ ವಯಸ್ಸು ಮೀರಿತ್ತು. ಗಾಲಿಯನ್ನಾದರೂ ತಿದ್ದೋಣವೆಂದು ಅವನು ಊರಿಗೆ ಬಂದವನೇ ಬಾವಿಯಿಂದ ನೀರೆತ್ತುವ ಹಳೆಯ ತೊಗಲಿನ ಮಟ್ಟಿಗಳನ್ನು ಮೂರು ತೋಟಗಳಿಂದ ಬೇಡಿ ತಂದ. ಕಾಲಮರಿ ಹೊಲಿಯುವವನ ಮನೆಯ ಕಟ್ಟೆಯ ಮೇಲೆ ಎಂಟು ದಿನ ಕೂತು ಅವುಗಳಿಂದ ಗಾಲಿಯಷ್ಟು ಅಗಲದ ಎರಡು ಉದ್ದನೆಯ ಚೀಲ ಹೊಲಿಸಿದ. ಮೊದಲು ಅದರೊಳಗೆ ಗಾಳಿಯನ್ನೇ ತುಂಬಬೇಕೆಂದು ಬಾಯಿಯಿಂದ ಊದಿದ. ಅರ್ಧ ತಾಸು ಊದಿದ ಮೇಲೆ ಚೀಲ ಇದ್ದಹಾಗೇ ಇತ್ತು. ಲಾಡಸಾಬನಿಗೆ ಬಿಕ್ಕಳಿಕೆ ಹತ್ತಿತು. ಆಮೇಲೆ ಹತ್ತಿಯ ಗಿರಣಿಯ ಕಸ ತಂದು ತುರುಕಿದ, ಹಳಿಯ ಮೇಲೆ ಸುತ್ತಿದ, ತೊಗಲಿನ ವಾದಿಯಿಂದ ಬಿಗಿದ, ಕೀಲಿಗೆ ಹಾಕುವ ಕರಿ ಎಣ್ಣೆಯನ್ನು ಮೇಲೆ ಬಳಿದ. ದೂರದಿಂದ ನೋಡಿದರೆ ಥೇಟು ಮೋಟಾರಿನ ಗಾಲಿ. ಹತ್ತಿರದಿಂದ ನೋಡಿದರೆ ಎರಡು ಕೋಣಗಳು ಸುರುಳಿ ಸುತ್ತಿಕೊಂಡು ಮಲಗಿದ ಹಾಗೆ.

"ಮನ್ಯಾಗ ತಲಿದಿಂಬಿಗೆ ಹತ್ತಿ ಇಲ್ಲ," ಎಂದಳು ಕಾಸಿಂಬಿ. "ಗಾಲಿಗೆ ಗಾದಿ ಹೊಲಿಸ್ಯಾರ! ನಾಳೆ ಎತ್ತಿಗೆ ಕೌದಿ ಹೊಲೀಬೇಕೇನ್ರಿ ನಾ?"

ಸುದ್ದಿ ಹಬ್ಬಿ ಮಂದಿ ಕೂಡಿದರು. ಮುಂದಿನ ಸಾಲಿನಲ್ಲಿ ರಾಚಪ್ಪ ನಿಂತಿದ್ದ. ಇವನೂ ಚಕ್ಕಡಿಯವನೇ, ಬೆಳ್ಳನೆಯ ಮೈ, ಬೆಕ್ಕಿನ ಕಣ್ಣು, ಹಣೆ ತುಂಬ ವಿಭೂತಿ. ಲಾಡಸಾಬನ ಬಾಲ್ಯದ ಗೆಳೆಯ, ದೊಡ್ಡವನಾದ ಮೇಲಿನ ವೈರಿ.

"ಲೇ ಲಾಡ್ಯಾ, ನೀ ಬರಿಗಾಲಿಲೆ ತಿರಗತಿ, ಚಕ್ಕಡಿಗೆ ಕಾಲಮರಿ ಮೆಟ್ಟಿಸಿಯೇನಲೇ?"

"ನಗಲೇ, ನಗು. ನಿನ್ನ ಹಳಿ ಸವದು ದಾರದಂಗ ಆದಾಗ ನನ್ನ ಕಡೆನ ಬರ್ತಿ."

"ಬಂದ್ರ ಒಂದ ಜೋಡಿ ನನ್ನ ಅಳತಿಗೂ ಹೊಲಿಸಿಡಪಾ."

ಅಸಲು ಪರೀಕ್ಷೆ ಬಸಲಿಂಗವ್ವನ ಅಂಗಡಿಯಲ್ಲಿತ್ತು. ಗಂಡ ತೀರಿದ ಮೇಲೆ ಸೀರೆಯ ವ್ಯಾಪಾರವನ್ನು ಆಕೆ ಒಬ್ಬಳೇ ಹದಿನೈದು ವರ್ಷ ನಡೆಸಿದ್ದಳು. ಇಳಕಲ್ಲಿನ ಅರ್ಧ ಮಗ್ಗಗಳು ಆಕೆಯ ಕೆಮ್ಮಿಗೆ ನಿಲ್ಲುತ್ತಿದ್ದವು, ಅರ್ಧ ಸೀನಿಗೆ. ಲಾಡಸಾಬನಿಗೂ ರಾಚಪ್ಪನಿಗೂ ಆಕೆಯ ಗಂಟುಗಳೇ ಅನ್ನ. ಆಕೆ ಹೊರಗೆ ಬಂದು ಕರಿ ಗಾಲಿ ನೋಡಿ ಸೆರಗು ಮೂಗಿಗೆ ಹಿಡಿದಳು.

"ತೊಗಲಿನ ಗಾಲಿ ಮ್ಯಾಲ ನನ್ನ ಸೀರಿ ಹೋಗೂದೇನು?"

"ಅವ್ವಾರ, ಡೊಳ್ಳಿಗೆ ಹಾಕಿದ್ದೂ ತೊಗಲರಿ. ಅದನ್ನ ಗುಡಿ ಮುಂದ ನಿಂತ ಬಾರಸ್ತಾರಲ್ರಿ."

ಮಾತಿನಲ್ಲಿ ಸೋತಾಗಲೆಲ್ಲ ಬಸಲಿಂಗವ್ವ ವ್ಯಾಪಾರದ ಮಾತಿಗೆ ತಿರುಗುತ್ತಿದ್ದಳು.

"ಹದಿನಾರು ಗಂಟು ಅದಾವು. ಲಗ್ನದ ಸೀರಿ. ಬೇಸ್ತವಾರ ಸಂಜಿಗೆ ಸೊಲ್ಲಾಪುರದ ಮಾಲಗಾಡಿ ಬಿಡ್ತೈತಿ. ಎಂಟೆಂಟು ಒಯ್ಯಿರಿ ಇಬ್ಬರೂ. ಮೊದಲ ಯಾರು ಮುಟ್ಟತೀರಿ, ಮುಂದ ವರ್ಷಾನ ಬಾಡಿಗಿ ಅವರದು. ಗಾಡಿ ತಪ್ಪಿತೋ, ಇಬ್ಬರ ಮಾರೀನೂ ನಾ ನೋಡೂದಿಲ್ಲ."

ಈ ಬಾಡಿಗೆ ತಪ್ಪಿದವನು ಎತ್ತು ಮಾರಿ ಇನ್ನೊಬ್ಬರ ಚಕ್ಕಡಿ ಹೊಡೆಯಬೇಕು. ಆ ಇನ್ನೊಬ್ಬ ಯಾರಾಗಿರುತ್ತಾನೆಂಬುದು ಇಬ್ಬರಿಗೂ ಒಂದೇ ಸಲಕ್ಕೆ ಹೊಳೆದು, ಒಬ್ಬರನ್ನೊಬ್ಬರು ನೋಡಿದರು.

ಮಂಗಳವಾರ ಮಧ್ಯಾಹ್ನ ಎರಡೂ ಚಕ್ಕಡಿ ಹೊರಟವು. ರಾಚಪ್ಪನದು ಗಂಟೆ, ಗೆಜ್ಜೆ, ಹಳಿಯ ಸದ್ದು ಎಲ್ಲ ಕೂಡಿ ಮದುವೆಯ ದಿಬ್ಬಣದಂತೆ ಗದ್ದಲ ಮಾಡುತ್ತಿತ್ತು. ಲಾಡಸಾಬನದು ಸದ್ದೇ ಇಲ್ಲದೆ ಬೆಕ್ಕಿನಂತೆ ಸಾಗುತ್ತಿತ್ತು. ಗಂಟೆ ಭಾರವೆಂದು ಅವನು ಅವನ್ನೂ ಬಿಚ್ಚಿ ಮನೆಯಲ್ಲಿ ಬಿಟ್ಟು ಬಂದಿದ್ದ.

ಹುನಗುಂದದ ಹತ್ತಿರ ಸಡಕಿನ ಸುಂಕದ ನಾಕೆ. ಹಳೆಯ ನಾಕೆದಾರನಾಗಿದ್ದರೆ ಲಾಡಸಾಬನ ಅಜ್ಜನ ಹೆಸರನ್ನೂ ಹೇಳುತ್ತಿದ್ದ. ಆದರೆ ಮೂರು ದಿನದ ಹಿಂದಷ್ಟೇ ಬಾದಾಮಿಯ ಕಡೆಯಿಂದ ಸಂಗಯ್ಯನೆಂಬ ಹೊಸಬ ಬಂದಿದ್ದ. ಗಂಟೆಯ ಸದ್ದು ಕೇಳಿದರೆ ಏಳುವುದು, ಕೇಳದಿದ್ದರೆ ಮಲಗುವುದು ಎಂಬ ಸರಳ ಕ್ರಮದಲ್ಲಿ ಅವನು ಕೆಲಸ ಮಾಡುತ್ತಿದ್ದ. ಕಣ್ಣು ಬಿಟ್ಟಾಗ ಮೂಗಿನ ಮುಂದೆ ಆಳೆತ್ತರದ ಕರಿ ಗಾಲಿ ಸದ್ದಿಲ್ಲದೆ ಉರುಳುತ್ತಿತ್ತು. ಸಂಗಯ್ಯ ಮೋಟಾರು ನೋಡಿರಲಿಲ್ಲ. ಸಾಹೇಬರಿಗೆ ಕರಿ ಗಾಲಿ ಇರುತ್ತವೆಂದು ಮಾತ್ರ ಕೇಳಿದ್ದ. ಎದ್ದು ನಿಂತು ರುಮಾಲು ಸರಿಮಾಡಿಕೊಂಡ.

"ಇದು... ಸಾಹೇಬ್ರ ಸಾಮಾನಿನ ಚಕ್ಕಡಿ ಏನ್ರಿ?"

ಲಾಡಸಾಬ ಸುಳ್ಳುಗಾರನಲ್ಲ. ಹೌದೆಂದರೆ ಸುಳ್ಳು, ಅಲ್ಲವೆಂದರೆ ಸುಂಕ. ಅವನು ಮಾತನ್ನೇ ಉಳಿಸಿಕೊಂಡ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಹೋಗುವವರು ಸರಕಾರದವರು ಮಾತ್ರವೆಂಬುದು ಸಂಗಯ್ಯನ ಜೀವನದ ಅನುಭವ. ಸಂಶಯ ಉಳಿಯಲಿಲ್ಲ. ಅಡ್ಡಗಂಬ ಮೇಲೆ ಹೋಯಿತು, ಸಂಗಯ್ಯ ಕೆಳಗೆ ಬಾಗಿದ.

ಅಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಸಂಗಯ್ಯ ಕರ್ತವ್ಯದಲ್ಲಿ ಹೊಸಬ, ಅಂದರೆ ಅಪಾಯಕಾರಿ. ಮೊದಲು ಒಬ್ಬ ವಾಲೀಕಾರನನ್ನು ಅಮೀನಗಡದ ಕಡೆ ಓಡಿಸಿದ. "ದಾರ್‍ಯಾಗ ಎಲ್ಲಾ ಗೌಡರಿಗೆ ಹೇಳು, ಸಾಹೇಬ್ರ ಚಕ್ಕಡಿ ಮುಂದ ಬಂದೈತಿ, ಸಾಹೇಬ್ರು ಹಿಂದ ಬರಾಕತ್ತಾರ!" ಆಮೇಲೆ ಸಾಹೇಬರ ದಾರಿ ತೆರವಿರಲೆಂದು ಹಿಂದಿನ ಚಕ್ಕಡಿಗಳನ್ನೆಲ್ಲ ಮಾರನೆಯ ಬೆಳಗಿನವರೆಗೆ ತಡೆದು ನಿಲ್ಲಿಸಿದ. ಸಾಲಿನ ಮೊದಲಿಗೆ ರಾಚಪ್ಪ ನಿಂತಿದ್ದ.

"ಅಯ್ಯಾರ, ಮುಂದ ಹೋದಾಂವ ನಮ್ಮೂರ ಲಾಡಸಾಬರಿ! ಅದು ಗಾಲಿ ಅಲ್ಲ, ಗಾದಿ ಐತ್ರಿ!"

"ಸಾಹೇಬ್ರ ಚಕ್ಕಡಿಗೆ ಗಾದಿ ಅಂತಿ? ಬಾಯಿ ಮುಚ್ಚು, ಇಲ್ಲಂದ್ರ ನಿನ್ನ ಹೆಸರು ಬರ್ಕೋತೇನಿ."

ಸಂಗಯ್ಯನಿಗೆ ಬರೆಯಲು ಬರುತ್ತಿರಲಿಲ್ಲ. ಆದರೆ ಅದು ರಾಚಪ್ಪನಿಗೆ ಗೊತ್ತಿರಲಿಲ್ಲ.

ಬುಧವಾರ ಬೆಳಗ್ಗೆ ಲಾಡಸಾಬನ ಕಣ್ಣೆದುರು ಉಳಿತಾಯದ ಸ್ವರ್ಗ ತೆರೆಯಿತು. ಆಗಿನ ಪದ್ಧತಿ ಹಾಗಿತ್ತು. ಸಾಹೇಬರ ಸವಾರಿ ಬಂತೆಂದರೆ ದಾರಿಯ ಊರಿನವರು ಮೇವು, ಕಾಳು ಪುಕ್ಕಟೆ ಪೂರೈಸಬೇಕು. ಮೊದಲ ಹಳ್ಳಿಯಲ್ಲಿ ಹಸಿ ಮೇವಿನ ರಾಶಿ. ಎರಡನೆಯದರಲ್ಲಿ ಬುಟ್ಟಿ ತುಂಬ ಹತ್ತಿಕಾಳು. ಮೂರನೆಯದರಲ್ಲಿ ಗೌಡನೇ ನಿಂತು ನೀರಲ್ಲಿ ನೆನೆಸಿದ ಹಿಂಡಿ ತಿನ್ನಿಸಿದ. ಲಾಡಸಾಬ ಬಾಯಿ ಬಿಡಲಿಲ್ಲ, ಎತ್ತುಗಳು ಮುಚ್ಚಲಿಲ್ಲ.

"ತಿನ್ನರಪಾ ತಿನ್ನರಿ," ಎಂದು ಅವನು ಅವುಗಳ ಕಿವಿಯಲ್ಲಿ ಹೇಳಿದ. "ಸೋಮವಾರದ ತನಕಾ ಕೇಳಬ್ಯಾಡ್ರಿ ಮತ್ತ."

ಆದರೆ ಇದೇ ಪದ್ಧತಿಗೆ ಇನ್ನೊಂದು ಮುಖ ಇತ್ತು. ಸಾಹೇಬರು ಬಂದರೆ ಊರಿನ ಚಕ್ಕಡಿಗಳನ್ನು ಅವರ ಸಾಮಾನು ಹೊರಲು ಬಿಟ್ಟಿ ಹಿಡಿಯುತ್ತಾರೆ. ನಾಲ್ಕು ದಿನ, ಎಂಟು ದಿನ, ಕೂಲಿಯಿಲ್ಲ. ಇದಕ್ಕೆ ಆ ಸೀಮೆಯ ಚಕ್ಕಡಿಯವರು ಕಂಡುಕೊಂಡ ಮದ್ದು ಒಂದೇ. ಸುದ್ದಿ ಬಂದ ಕೂಡಲೇ ಒಂದು ಗಾಲಿ ಕಳಚಿ ಅಡಗಿಸುವುದು. ಒಂಟಿ ಗಾಲಿಯ ಚಕ್ಕಡಿಯನ್ನು ಯಾವ ಸರಕಾರವೂ ಎಳೆದೊಯ್ಯಲಾರದು. ಲಾಡಸಾಬ ಅಮೀನಗಡ ಮುಟ್ಟುವ ಹೊತ್ತಿಗೆ ಊರಿನ ಚಕ್ಕಡಿಗಳೆಲ್ಲ ಒಂದು ಮಗ್ಗುಲಿಗೆ ಒರಗಿ, ನಮಾಜಿಗೆ ಬಾಗಿದ ಸಾಲಿನಂತೆ ಕಂಡವು. ಗಾಲಿಗಳು ಬಣವೆಯಲ್ಲಿ, ತಿಪ್ಪೆಯಲ್ಲಿ, ಒಂದಂತೂ ತೊಟ್ಟಿಲ ಕೆಳಗೆ ಅಡಗಿದ್ದವು.

ಊರ ಚಾವಡಿಯಲ್ಲಿ ಒಬ್ಬ ಕಾರಕೂನರು ಬೀಡು ಬಿಟ್ಟಿದ್ದರು. ಯಾವ ಕಚೇರಿಯ ಕಾರಕೂನರೆಂದು ನಾನು ಹೇಳುವುದಿಲ್ಲ. ದುಬಾರಿ ಕೋಟು, ಅಗ್ಗದ ಕನ್ನಡಕ, ಬಗಲಲ್ಲಿ ಯಾವಾಗಲೂ ಒಂದು ಪತ್ತೇದಾರಿ ಕಾದಂಬರಿ. ಬಂಗಾಲಿಯಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಇಳಿದು ಬರುವಷ್ಟರಲ್ಲಿ ಆ ಪುಸ್ತಕಗಳಲ್ಲಿ ಪೊಲೀಸರು ಕಡಿಮೆಯಾಗಿ ವೇಷಗಳು ಹೆಚ್ಚಾಗಿರುತ್ತಿದ್ದವು. ಪ್ರತಿಯೊಂದರಲ್ಲೂ ಒಬ್ಬ ದೊಡ್ಡ ಅಧಿಕಾರಿ ಬಡವನ ವೇಷದಲ್ಲಿ ಬಂದು, ಲಂಚಕೋರ ಕಾರಕೂನನನ್ನು ಹಿಡಿಯುತ್ತಿದ್ದ. ಈ ಭಾಗ ಓದುವಾಗ ನಮ್ಮ ಕಾರಕೂನರಿಗೆ ನಿದ್ದೆ ಬರುತ್ತಿರಲಿಲ್ಲ.

ಅವರು ಲಾಡಸಾಬನ ಚಕ್ಕಡಿಯನ್ನು ಮೂರು ಸುತ್ತು ಹಾಕಿದರು. ಒಳಗೆ ಸಾಹೇಬರಿಲ್ಲ. ಗಂಟುಗಳ ಮೇಲೆ ಒಂದು ಜೊತೆ ಕಾಲಮರಿ ಮಾತ್ರ ಇದ್ದವು.

"ಸಾಹೇಬರು ಎಲ್ಲಿದ್ದಾರಪಾ?"

ಗಾಳಿ ತಿರುಗುತ್ತಿದೆಯೆಂದು ಲಾಡಸಾಬನಿಗೆ ವಾಸನೆ ಬಡಿಯಿತು. "ಯಾವ ಸಾಹೇಬ್ರೋ ನನಗ ಗೊತ್ತಿಲ್ರಿ. ನನ್ನ ಹಿಂದ ಬರಾಂವ ಅಂದ್ರ ರಾಚಪ್ಪ ಒಬ್ಬನರಿ. ಇನ್ನೊಂದ ಚಕ್ಕಡ್ಯಾಗ."

ಕಾರಕೂನರು ಅವನನ್ನು ದಿಟ್ಟಿಸಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಕಣ್ಣು ಮಿಟುಕಿಸಿದರು.

"ತಿಳೀತು. ರಾಚಪ್ಪ. ಹೂಂ. ನೀ ಬಾಯಿ ಬಿಡಬ್ಯಾಡ. ನಾನೂ ಬಿಡೂದಿಲ್ಲ."

ಒಂದು ತಾಸಿನ ಮೇಲೆ ರಾಚಪ್ಪ ಬಂದ. ಊರು ಹೊಕ್ಕವನೇ ಒಂಟಿ ಗಾಲಿಯ ಚಕ್ಕಡಿಗಳ ಸಾಲು ನೋಡಿದ. ಯಾರನ್ನೂ ಏನೂ ಕೇಳುವ ಅಗತ್ಯ ಬೀಳಲಿಲ್ಲ. ಬಿಟ್ಟಿ! ಚಂಗನೆ ಕೆಳಗೆ ಹಾರಿ ಕೀಲು ಕಿತ್ತು, ಎಡಗಡೆಯ ಗಾಲಿ ಕಳಚಿ, ಅಡಗಿಸಲು ಜಾಗ ಹುಡುಕಿದ. ಬಣವೆಗಳೆಲ್ಲ ಆಗಲೇ ತುಂಬಿದ್ದವು. ಕರದಂಟಿನ ಅಂಗಡಿಯ ಹಿಂದೆ ಮೆಟ್ಟಿಲ ಬಾವಿ ಕಂಡಿತು. ಮೇಲಿನ ಮೆಟ್ಟಿಲ ಮೇಲೆ ಒರಗಿಸಿಡಬೇಕೆಂದು ಗಾಲಿ ಬಿಟ್ಟ. ಗಾಲಿ ಗಾಲಿಯೇ ತಾನೇ? ಒಂದೊಂದೇ ಮೆಟ್ಟಿಲನ್ನು ಗೌರವದಿಂದ ಇಳಿದು, ಕೊನೆಯ ಮೆಟ್ಟಿಲಲ್ಲಿ ಸ್ವಲ್ಪ ಯೋಚಿಸಿ, ಗುಳುಕ್ಕನೆ ಮುಳುಗಿತು.

ರಾಚಪ್ಪ ಹಣೆ ಬಡಿದುಕೊಂಡು ತಿರುಗಿದರೆ ಎದುರಿಗೆ ಕಾರಕೂನರು, ಕೈಯಲ್ಲಿ ಚೆಂಡು ಹೂವಿನ ಮಾಲೆ.

"ದಯಮಾಡಿಸಬೇಕು, ರಾಚಪ್ಪ... ನವರೇ," ಎಂದು ಕಾರಕೂನರು ಹಲ್ಲು ಕಿರಿದರು.

"ಗಾಲಿ ಇಲ್ರಿ! ನೋಡ್ರಿ, ಒಂದ ಗಾಲಿ ಇಲ್ಲ ನನಗ!"

"ನಿಮಗ್ಯಾಕ ಗಾಲಿ ಚಿಂತಿ? ಊರ ಹೆಗಲ ಮ್ಯಾಲ ಹೊತ್ಕೊಂಡ ಹೋಗ್ತೇವಿ."

ಕರದಂಟಿನ ಅಂಗಡಿಯವನು ನಡುವೆ ಬಾಯಿ ಹಾಕಿದ. "ರಾಯರ, ಇಂವ ಇಳಕಲ್ಲಿನ ರಾಚಪ್ಪ ಅಲ್ರಿ? ವಾರಾ ಬರ್ತಾನಲ್ರಿ. ನನಗ ಪಾವಶೇರ ಕರದಂಟಿನ ಬಾಕಿ ಕೊಡೋದೈತ್ರಿ ಇಂವ."

ಕಾರಕೂನರು ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ವಾರಾ ಬರ್ತಾರೇನು? ಅಂದ್ರ ಎಷ್ಟು ದಿನದಿಂದ ನಡದದ ನೋಡು ಈ ತಪಾಸಣಿ! ಬಾಕಿ ಸುದ್ಧಾ ಇಟ್ಟಾರ. ವೇಷ ಅಂದ್ರ ಹಿಂಗ ಇರಬೇಕು. ಬೆಕ್ಕಿನ ಕಣ್ಣು ಮುಚ್ಚಲಿಕ್ಕೆ ಆಗಿಲ್ಲ, ಪಾಪ."

ಅಂಗಡಿಯವನು ರಾಚಪ್ಪನ ಕಣ್ಣು ನೋಡಿದ. ಹದಿಮೂರು ವರ್ಷದಿಂದ ನೋಡಿದ ಕಣ್ಣೇ. ಆದರೆ ಸರಕಾರವೇ ಹೇಳಿದ ಮೇಲೆ ಅವುಗಳಲ್ಲಿ ಸ್ವಲ್ಪ ವಿಲಾಯತಿ ಕಂಡೇ ಕಂಡಿತು. ಬಾಕಿಯನ್ನು ಅಲ್ಲಿಯೇ ಮನ್ನಾ ಮಾಡಿದ.

ರಾಚಪ್ಪನನ್ನು ಚಾವಡಿಯ ಕುರ್ಚಿಯಲ್ಲಿ ಕೂಡಿಸಿದರು. ಎಡಗಡೆ ಒಬ್ಬ ಬೀಸಣಿಗೆ ಬೀಸಿದ, ಬಲಗಡೆ ಒಬ್ಬ ಕಾಲು ತೊಳೆದ. ಬಿಟ್ಟಿ ಹಿಡಿಯುವ ಹೊಸ ವಿಧಾನ ಇದಿರಬೇಕೆಂದು ರಾಚಪ್ಪ ಕಾಲು ಹಿಂದೆಳೆದುಕೊಂಡ. ಸಾಹೇಬರಿಗೆಂದು ಮಾಡಿಸಿದ ಊಟ ಬಂತು. ಮುಚ್ಚಳ ತೆಗೆದರೆ ಒಂದು ಹುರಿದ ಕೋಳಿ, ಸುತ್ತ ಆರು ತತ್ತಿ.

"ಶಿವ ಶಿವಾ!" ಎಂದು ರಾಚಪ್ಪ ಕೊರಳಿನ ಲಿಂಗ ಹಿಡಿದುಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತ.

ಕಾರಕೂನರ ಕಣ್ಣಲ್ಲಿ ನೀರು ಬಂತು. "ಏನ್ ಅಭಿನಯ! ಲಿಂಗಾ ಸುದ್ಧಾ ಬಿಟ್ಟಿಲ್ಲ!"

"ಎತ್ತ್ರಿ ಅದನ್ನ! ಮೊದಲ ಎತ್ತ್ರಿ!"

"ಎತ್ತತೇವಿ, ಎತ್ತತೇವಿ. ನಮ್ಮ ಕಾರಭಾರದ ವಿಷಯ ಏನರೆ ಅಪ್ಪಣಿ ಆಗಬೇಕಲ್ಲ?"

ರಾಚಪ್ಪನಿಗೆ ಸಿಟ್ಟು ನೆತ್ತಿಗೇರಿತು. ಗಾಲಿ ಬಾವಿಯಲ್ಲಿ, ಕೋಳಿ ಎದುರಿಗೆ, ಮಾಲಗಾಡಿ ನಾಳೆ. ಕುರ್ಚಿಯ ಮೇಲೆ ನಿಂತಲ್ಲಿಂದಲೇ ಹೇಳಿದ. "ಅಪ್ಪಣಿ ಏನ್ರಿ ಅಪ್ಪಣಿ! ಸಡಕಿನ್ಯಾಗ ಎಮ್ಮಿ ಮುಳಗೂವಷ್ಟ ಕುಣಿ ಬಿದ್ದಾವ. ನಾಕ್ಯಾದಾಗ ಕೂತಾಂವ ಬರೇ ಮಲಗತಾನ. ಬಿಟ್ಟಿ ಹಿಡದ ಬಡವರ ಹೊಟ್ಟಿ ಮ್ಯಾಲ ಹೊಡೀತೀರಿ. ಇದ ಏನ್ ಸರಕಾರೋ, ಏನ್ ಸುಡುಗಾಡೋ!"

ಕಾರಕೂನರು ಒಂದಕ್ಷರವೂ ಬಿಡದೆ ಬರೆದುಕೊಂಡರು. ಆ ಸೀಮೆಯ ರೈತರು ಹತ್ತು ವರ್ಷ ಅರ್ಜಿ ಕೊಟ್ಟರೂ ಯಾರೂ ಓದದಿದ್ದ ಮಾತುಗಳವು. ಕೆಳಗೆ, "ಮಿಕ್ಕಂತೆ ಸಾಹೇಬರು ಸಂತುಷ್ಟರಾದರು" ಎಂದು ತಾವೇ ಒಂದು ಸಾಲು ಸೇರಿಸಿ, ಕುದುರೆಯವನ ಕೈಯಲ್ಲಿ ಮೇಲಿನ ಕಚೇರಿಗೆ ಕಳಿಸಿಯೂ ಬಿಟ್ಟರು.

ಇತ್ತ ಲಾಡಸಾಬ ಎತ್ತು ಬಿಚ್ಚಿ ಊರ ಹೊರಗಿನ ಆಲದ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದ. ವೈರಿ ಸನ್ಮಾನದಲ್ಲಿ ಸಿಕ್ಕಿಬಿದ್ದಾನೆಂಬ ಸುದ್ದಿ ಕೇಳಿ, ನಗುತ್ತ ಎತ್ತು ಹೂಡಲು ಹೋದ. ಎತ್ತುಗಳು ಮಲಗಿದ್ದವು. ಎಬ್ಬಿಸಿದ; ಏಳಲಿಲ್ಲ. ಬಾಲ ಹಿಡಿದ, ಬಾಲ ಮಾತ್ರ ಎದ್ದಿತು. ಹುಟ್ಟಿದ ಮೇಲೆ ಕಾಣದಷ್ಟು ಹಿಂಡಿ, ಕಾಳು, ಹಸಿ ಮೇವು ಅವುಗಳ ಹೊಟ್ಟೆ ಸೇರಿತ್ತು. ಹೊಟ್ಟೆಗಳು ನಗಾರಿಯಂತೆ ಉಬ್ಬಿದ್ದವು. ಕಣ್ಣುಗಳಲ್ಲಿ ಮಠಾಧೀಶರ ಶಾಂತಿ ಇತ್ತು. ನೋಡಲು ಬಂದ ಒಬ್ಬ ಮುದುಕ ಹೊಟ್ಟೆ ತಟ್ಟಿ ಹೇಳಿದ.

"ಸಾಯೂದಿಲ್ಲ ಬಿಡು. ಆದ್ರ ನಾಡದಾ ತನಕಾ ಏಳೂದಿಲ್ಲ. ಯಾರ ಹಾಕಿದ್ರಪಾ ಇಷ್ಟು?"

"ಪುಕ್ಕಟೆ ಇತ್ರಿ," ಎಂದ ಲಾಡಸಾಬ, ಅಳುವ ದನಿಯಲ್ಲಿ.

ಹೊತ್ತು ಬಾಗುತ್ತಿತ್ತು. ಬಾಗಲಕೋಟೆ ಇನ್ನೂ ಹನ್ನೆರಡು ಹರದಾರಿ ಇದ್ದಷ್ಟು ದೂರ ಅನ್ನಿಸಿತು. ಗಂಟು ಮುಟ್ಟದಿದ್ದರೆ ಬಸಲಿಂಗವ್ವ. ಬಸಲಿಂಗವ್ವ ಹೋದರೆ ಚಕ್ಕಡಿ. ಲಾಡಸಾಬನಿಗೆ ವೈರವೂ ತೋಚಲಿಲ್ಲ, ಮರ್ಯಾದೆಯೂ ತೋಚಲಿಲ್ಲ. ಓಡಿ ಬಂದವನೇ ಚಾವಡಿಯ ಜನರನ್ನು ಸೀಳಿ, ಕುರ್ಚಿಯ ಮೇಲೆ ನಿಂತ ಮಾಲಾಧಾರಿಗೆ ಕೂಗಿ ಹೇಳಿದ.

"ಲೇ ರಾಚ್ಯಾ! ನಿನ್ನ ಎತ್ತು ಕೊಡಲೇ!"

ಬೀಸಣಿಗೆ ನಿಂತಿತು.

"ನಿನ್ನ ಗಾಲೀ ಮಣ್ಣ ಸೇರ್ಲಿ!" ಎಂದು ರಾಚಪ್ಪ ಅಲ್ಲಿಂದಲೇ ಗುಡುಗಿದ. "ನಿನ್ನ ಗಾದಿ ನೋಡಿ ಹುಚ್ಚ ಹಿಡೀತಲೇ ಊರಿಗೆಲ್ಲಾ! ಎತ್ತು ಬೇಕೇನಲೇ ನಿನಗ ಎತ್ತು?" ಹೀಗೆ ಆರಂಭಿಸಿ ಅವನು ಲಾಡಸಾಬನ ವಂಶದ ಏಳು ತಲೆಮಾರನ್ನು ಹೆಸರಿನೊಂದಿಗೆ, ಗುಣವಿಶೇಷಗಳೊಂದಿಗೆ, ಇಳಕಲ್ಲಿನ ಓಣಿಯ ವಿಳಾಸಗಳೊಂದಿಗೆ ವರ್ಣಿಸಿದ. ಆ ಮಾತುಗಳನ್ನು ಇಲ್ಲಿ ಬರೆದರೆ ಈ ಹಾಳೆ ಸುಟ್ಟೀತು.

ಕಾರಕೂನರ ಮುಖ ಸುಣ್ಣದ ಹಾಗಾಯಿತು. ತಾವು ಓದಿದ ಯಾವ ಕಾದಂಬರಿಯಲ್ಲೂ ವೇಷಧಾರಿ ಇಷ್ಟು ಚೆನ್ನಾಗಿ ಬೈದಿರಲಿಲ್ಲ.

"ಅಂದ್ರ... ನೀವು ಖರೇನ ರಾಚಪ್ಪ?"

"ಮತ್ತೇನ್ ರಾಣಿ ಸಾಹೇಬನ್ರಿ ನಾ?"

ಕಾರಕೂನರು ಲಾಡಸಾಬನ ಕಡೆ ತಿರುಗಿದರು. "ಸರಕಾರದ ಹೆಸರ ಹೇಳಿ ಮೇವು ತಿಂದೀ ಹೌದಲ್ಲೋ? ಜೇಲಿಗೆ ಕಳಸ್ತೇನಿ!"

"ನಾ ಯಾವಾಗ ಹೇಳಿದ್ನಿರಿ? ಬಾಯಿ ಬಿಟ್ಟೀನೇನ್ರಿ? ನೀವ ಹೇಳ್ರಿ, ರಾಚಪ್ಪ ಬರ್ತಾನ ಅಂತ ಹೇಳಿದ್ನೋ ಇಲ್ಲೋ?"

ಹೇಳಿದ್ದ. ಕಾರಕೂನರಿಗೆ ನೆನಪಾಯಿತು. ಅದಕ್ಕಿಂತ ಭಯಂಕರವಾದದ್ದೂ ನೆನಪಾಯಿತು: ಕುದುರೆ ಹೋಗಿ ಒಂದು ತಾಸಾಗಿತ್ತು. ಸಾಹೇಬರು ಬಂದದ್ದೂ, ಸಂತುಷ್ಟರಾದದ್ದೂ ಸರಕಾರಿ ದಫ್ತರಕ್ಕೆ ಸೇರಿಹೋಗಿದ್ದವು. ದಫ್ತರಕ್ಕೆ ಸೇರಿದ್ದು ನಡೆದೇ ಇರಬೇಕು. ಇಲ್ಲವೆನ್ನಲು ಈ ಇಬ್ಬರು ಸಾಕ್ಷಿಗಳು ಊರಲ್ಲಿರಬಾರದು. ನಾಳೆ ತಾಲೂಕಿನ ಮಾಮಲೇದಾರರು ಕುದುರೆ ಏರಿ ಬಂದರೆ?

ಕಾರಕೂನರು ದನಿ ಇಳಿಸಿದರು. "ಹೊತ್ತ ಮುಳುಗೂದ್ರೊಳಗ ಇಬ್ಬರೂ ಊರ ಬಿಡ್ರಿ. ಈ ಊರಿಗೆ ಬಂದಽ ಇಲ್ಲ ನೀವು. ಇಲ್ಲಂದ್ರ ಇಬ್ಬರಿಗೂ ಬೇಡಿ."

ಊರು ಬಿಡುವುದು ಹೇಗೆ? ಲಾಡಸಾಬನ ಹತ್ತಿರ ಎರಡು ಗಾಲಿ ಇದ್ದವು, ಏಳುವ ಎತ್ತಿರಲಿಲ್ಲ. ರಾಚಪ್ಪನ ಹತ್ತಿರ ನಿಂತ ಎತ್ತಿದ್ದವು, ಒಂದು ಗಾಲಿ ಬಾವಿಯಲ್ಲಿತ್ತು. ಊರಿನ ಮಿಕ್ಕ ಚಕ್ಕಡಿಗಳೆಲ್ಲ ಕುಂಟು; ಸಾಹೇಬರು ಹೋದರೆಂದು ಖಾತ್ರಿಯಾಗುವವರೆಗೆ ಯಾರೂ ಗಾಲಿಯ ಸುಳಿವು ಕೊಡುವವರಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

"ಎತ್ತು ನಂದು," ಎಂದ ರಾಚಪ್ಪ ಕೊನೆಗೆ, ಆಕಾಶಕ್ಕೆ.

"ಚಕ್ಕಡಿ ನಂದು," ಎಂದ ಲಾಡಸಾಬ, ಭೂಮಿಗೆ.

"ಗಂಟೆ ಕಟ್ಟೇ ಕಟ್ಟತೇನಿ. ಇಲ್ಲಂದ್ರ ನನ್ನ ಎತ್ತು ನಡೆಯೂದಿಲ್ಲ."

"ಕಟ್ಟಪಾ. ಆದ್ರ ನೀ ಮ್ಯಾಲ ಕೂಡ್ರೂ ಹಂಗಿಲ್ಲ. ಭಾರ ಆಗ್ತೈತಿ."

ಹದಿನಾರು ಗಂಟು ಒಂದೇ ಚಕ್ಕಡಿಗೆ ಏರಿದವು. ಲಾಡಸಾಬನ ಎತ್ತುಗಳನ್ನು, ರಾಚಪ್ಪನ ಕುಂಟು ಚಕ್ಕಡಿಯನ್ನು ಕರದಂಟಿನವನ ಹಿತ್ತಲಲ್ಲಿ ಬಿಟ್ಟು ಇಬ್ಬರೂ ಎರಡು ಬದಿಗೆ ನಡೆದರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ, ಬೈಗುಳ ಬಿಟ್ಟು. ಮಾರನೆಯ ಬೆಳಗ್ಗೆ ಮಲಪ್ರಭೆಯನ್ನು ದಾಟುವಾಗ ಮೊಣಕಾಲುದ್ದ ನೀರಿನಲ್ಲಿ ತೊಗಲು ನೆನೆದು, ಉಬ್ಬಿ, ವಾದಿ ಕಡಿದು, ಎರಡೂ ಗಾದಿಗಳು ಗಾಲಿಯಿಂದ ಜಾರಿ ಹೊಳೆಯ ಪಾಲಾದವು. ಲಾಡಸಾಬ ಹಿಡಿಯಲು ಹೋಗಿ ಬಿದ್ದ. ಜಳಕ ಮಾಡುತ್ತಿದ್ದ ಹೆಂಗಸರು ಮೊಸಳೆ ಬಂತೆಂದು ಚೀರಿ ದಡ ಹತ್ತಿದರು. ಅಲ್ಲಿಂದ ಮುಂದೆ ಕಬ್ಬಿಣದ ಹಳಿ ಕಲ್ಲಿನ ಮೇಲೆ ಕಿರುಗುಟ್ಟುವ ಸದ್ದು ಕೇಳಿದಾಗಲೆಲ್ಲ ಲಾಡಸಾಬ ಹಲ್ಲು ನೋವು ಬಂದವನಂತೆ ಮುಖ ಹಿಂಡಿದ.

ಬೇಸ್ತವಾರ ಸಂಜೆ ಮಾಲಗಾಡಿಯ ಬಾಗಿಲು ಮುಚ್ಚುವಾಗ ಕೊನೆಯ ಗಂಟು ಒಳಗೆ ಬಿತ್ತು.

ಮರುವಾರ ಇಳಕಲ್ಲಿನಲ್ಲಿ, ಮಬ್ಬುಗತ್ತಲಾಗುವ ಹೊತ್ತಿಗೆ ಇಬ್ಬರೂ ಬಸಲಿಂಗವ್ವನ ಅಂಗಡಿಯಲ್ಲಿ ಕೈಕಟ್ಟಿ ನಿಂತರು. ಆಕೆ ಠಾಣೆಯ ಪಾವತಿಯನ್ನು ದೀಪದ ಹತ್ತಿರ ಹಿಡಿದು ನೋಡಿದಳು.

"ಯಾರ ಮೊದಲ ಮುಟ್ಟಿದ್ರಿ?"

"ನಾ ರಿ," ಎಂದ ರಾಚಪ್ಪ. "ಎತ್ತು ನನ್ನವು. ಎತ್ತು ಮುಂದ ಇರ್ತಾವು, ಚಕ್ಕಡಿ ಹಿಂದ ಇರ್ತೈತಿ."

"ಗಂಟು ಇದ್ದದ್ದು ಚಕ್ಕಡ್ಯಾಗ ರಿ," ಎಂದ ಲಾಡಸಾಬ. "ಎತ್ತಿನ ಕೊಂಬಿನ ಮ್ಯಾಲ ಇರಲಿಲ್ಲ."

ಹೀಗೆ ಒಂದೊಂದಾಗಿ ಎಲ್ಲ ಹೊರಬಂತು. ಗಾಲಿ, ನಾಕೆ, ಕೋಳಿ, ಬಾವಿ. ಬಸಲಿಂಗವ್ವ ನಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ಹಂಗಾರ ಹದಿನಾರೂ ಗಂಟು ಒಂದಽ ಚಕ್ಕಡ್ಯಾಗ ಹೋದೂ?"

"ಹೌದ್ರಿ ಅವ್ವಾರ," ಎಂದರು ಇಬ್ಬರೂ, ಹೆಮ್ಮೆಯಿಂದ.

"ಒಂದಽ ಜೋಡಿ ಎತ್ತು?"

"ಒಂದಽ ರಿ."

"ವ್ಯಾಳ್ಯಾಕ್ಕ ಮುಟ್ಟಿದೂ?"

"ಸರಿಯಾಗಿ ಮುಟ್ಟಿದೂ ರಿ!"

ಬಸಲಿಂಗವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. "ಹದಿನೈದು ವರ್ಷ ಆತು. ಎರಡ ಚಕ್ಕಡಿ ಬೇಕ ಬೇಕು ಅಂತ ಎರಡ ಬಾಡಿಗಿ ಕೊಟಗೋತ ಬಂದೀನಿ. ಇಷ್ಟ ದಿನಾ ಯಾರೂ ಹೇಳಿದ್ದಿಲ್ಲ ನೋಡ್ರಿ ನನಗ. ವರ್ಷದ ಕೆಲಸಾ ಇಬ್ಬರಿಗೂ ಕೊಟ್ಟೀನಿ. ಒಂದ ಚಕ್ಕಡಿ, ಒಂದ ಬಾಡಿಗಿ. ಅರ್ಧಾ ಅರ್ಧಾ ಹಂಚ್ಕೋರಿ."

ರಾಚಪ್ಪನ ಬೆಕ್ಕಿನ ಕಣ್ಣು ಕೆಂಪಾದವು. ಅವನು ಮೆಲ್ಲಗೆ ಲಾಡಸಾಬನ ಕಡೆ ತಿರುಗಿದ. ಆದರೆ ಲಾಡಸಾಬ ಅವನನ್ನು ನೋಡುತ್ತಿರಲಿಲ್ಲ. ಹಿಂಡಿಯಲ್ಲಿ ಅರ್ಧ, ಹಳಿಯಲ್ಲಿ ಅರ್ಧ, ಬಾಡಿಗೆಯಲ್ಲೂ ಅರ್ಧ ಉಳಿತಾಯ. ಕೂತ ಜಾಗದಿಂದ ಏಳದೆ, ಎಲೆಯ ಸುಣ್ಣ ಒಣಗುವುದರೊಳಗೆ! ಅವನು ಬಾಯಿ ತೆರೆದು ಬಸಲಿಂಗವ್ವನನ್ನು ಪೀರರನ್ನು ಕಂಡವನಂತೆ ನೋಡುತ್ತ ನಿಂತಿದ್ದ.

"ಲೇ ಲಾಡ್ಯಾ," ಎಂದ ರಾಚಪ್ಪ, ತೋಳು ಮೇಲೇರಿಸುತ್ತ.

"ಜಗಳಾ ಹೊರಗ ಹೋಗಿ ಆಡ್ರಿ," ಎಂದಳು ಬಸಲಿಂಗವ್ವ. "ಇಲ್ಲಿ ಸುಮ್ಮಸುಮ್ಮನ ಎಣ್ಣಿ ಸುಡಾಕತ್ತೈತಿ."

ಎಂದವಳೇ ಉಫ್ ಎಂದು ದೀಪ ಆರಿಸಿದಳು.